ಎಲ್ಲಿಂದಲಾದರೂ ದುಡಿಯಬಹುದು, ಎಲ್ಲಿ ಬಾಳಬೇಕು?

ಮನುಷ್ಯನು ಹೇಗೆ ಬಾಳಬೇಕೆಂಬುದನ್ನು ಕುರಿತು ನಮ್ಮ ಹಿರಿಯರು ಬಹಳವಾಗಿ ವಿಚಾರ ಮಾಡಿದ್ದಾರೆ. ಎಲ್ಲಿ ಬಾಳಬೇಕೆಂಬುದನ್ನು ಕುರಿತು ಅಷ್ಟಾಗಿ ವಿಚಾರ ಮಾಡಿದಂತಿಲ್ಲ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಹೊಲವಿದ್ದಲ್ಲಿ ಒಕ್ಕಲಿಗನಿರಬೇಕು, ಮಗ್ಗವಿದ್ದಲ್ಲಿ ನೇಕಾರನಿರಬೇಕು, ಕಚೇರಿಯಿದ್ದಲ್ಲಿ ನೌಕರನಿರಬೇಕು. ಇದರಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ದುಡಿಮೆಯೇ ಮನುಷ್ಯನಿಗೆ ಊರನ್ನು ಗೊತ್ತುಮಾಡಿ ಕೊಡುತ್ತಿತ್ತು. ವಾಚಕರೇ, ನಮ್ಮ ಕಣ್ಣೆದುರಿನಲ್ಲಿಯೇ ಕೆಲವರ ಪಾಲಿಗೆ ಈ ಕಟ್ಟು ಸಡಿಲಗೊಂಡಿದೆ. ಆ ಕೆಲವರಲ್ಲಿ ನಮ್ಮ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಮಕ್ಕಳೂ ಇದ್ದಾರೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದು ನನಗನಿಸಿದೆ.

ಕಳೆದ ಶ್ರಾವಣದಲ್ಲಿ ಮಠದ ಪುರಾಣಕ್ಕೆ ಬಂದ ತರುಣನೊಬ್ಬನು ನನ್ನನ್ನು ಕಂಡು ನಮಸ್ಕರಿಸಿದನು. ಇಂಡಿ ತಾಲೂಕಿನ ಒಂದು ಸಣ್ಣ ಹಳ್ಳಿಯವನು. ನನ್ನ ಕೈಯಲ್ಲಿ ಕಲಿತವನು. ಈಗ ಪುಣೆಯ ಒಂದು ಸಂಸ್ಥೆಯಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. 2020ರ ಮಾರ್ಚ್ ತಿಂಗಳಿನಲ್ಲಿ ಮಹಾಮಾರಿಯ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಮನೆಯಲ್ಲಿ ಕುಳಿತೇ ಕೆಲಸ ಮಾಡಿರೆಂದು ಅವನ ಸಂಸ್ಥೆ ಹೇಳಿತು. ಮಹಾಮಾರಿ ಹೋಯಿತು, ಆ ಪದ್ಧತಿ ಅವನ ಮಟ್ಟಿಗೆ ಉಳಿಯಿತು. ಪುಣೆಯ ಬಾಡಿಗೆ ಮನೆಯನ್ನು ಬಿಟ್ಟು ಅವನು ಮಹಾಬಳೇಶ್ವರದಲ್ಲಿ ಹಳೆಯ ಬಂಗಲೆಯೊಂದರ ಎರಡು ಕೋಣೆಗಳನ್ನು ಹಿಡಿದನು. “ಮುಂಜಾನೆ ಕಿಡಕಿ ತೆಗದ್ರ ಮೋಡ ಒಳಗ ಬರ್ತಾವ್ರಿ ಗುರುಗಳೇ” ಎಂದು ಹೇಳುವಾಗ ಅವನ ಮುಖ ಅರಳಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅದೇ ಮುಖ ಬಾಡಿತು. ಹಳ್ಳಿಯಲ್ಲಿ ತಾಯಿ ಒಬ್ಬಳೇ ಇದ್ದಾಳೆ. ಲಿಂಬೆಯ ತೋಟವನ್ನು ಪಾಲಿಗೆ ಕೊಟ್ಟಿದೆ. ತಿಂಗಳು ತಿಂಗಳಿಗೆ ಅವನು ತಪ್ಪದೆ ಹಣ ಕಳುಹಿಸುತ್ತಾನೆ. ಆದರೆ ಈ ಸಲ ಊರಿಗೆ ಬಂದಾಗ ತಾಯಿ ಹಣದ ಮಾತನ್ನೇ ಎತ್ತದೆ, “ನಿನ್ನ ಮಗ್ಗಲ ಮನ್ಯಾಗ ಯಾರದಾರೋ ತಮ್ಮಾ?” ಎಂದು ಕೇಳಿದಳಂತೆ. ಎರಡು ವರ್ಷ ಆ ಬೆಟ್ಟದ ಮೇಲಿದ್ದರೂ ಅವನಿಗೆ ಪಕ್ಕದ ಮನೆಯವರ ಹೆಸರು ತಿಳಿದಿರಲಿಲ್ಲ. “ನಾ ಏನರ ತಪ್ಪು ಮಾಡಾಕತ್ತೀನೇನ್ರಿ ಗುರುಗಳೇ?” ಎಂದು ಅವನು ನನ್ನನ್ನು ಕೇಳಿದನು. ನಾನು ಆಗ ಉತ್ತರ ಹೇಳಲಾರದೆ ಹೋದೆ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮಹಾಬಳೇಶ್ವರವು ನಮಗೆ ಪರಕೀಯವಾದ ಊರಲ್ಲ. ಕೃಷ್ಣೆ ಹುಟ್ಟುವುದು ಅಲ್ಲಿಯೇ. ಅಲ್ಲಿಂದ ವಾಯಿ, ಸಾಂಗ್ಲಿಗಳನ್ನು ಹಾಯ್ದು ಬಂದ ನೀರೇ ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಆ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುದ್ದೇಬಿಹಾಳ ಸೀಮೆಯ ರೈತನು ಕಾಲುವೆಯಿಂದ ತಿರುಗಿಸಿಕೊಳ್ಳುವ ನೀರಿನಲ್ಲಿ ಆ ಬೆಟ್ಟದ ಮಳೆಯಿದೆ. ಸುಮಾರು 1,350 ಮೀಟರ್ ಎತ್ತರದಲ್ಲಿರುವ ಆ ಊರಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನಮ್ಮ ಜಿಲ್ಲೆಗೆ 600 ಮಿಲಿಮೀಟರಿನ ಆಸುಪಾಸು ಬಂದರೆ ಅದು ಒಳ್ಳೆಯ ವರ್ಷ.

ಆ ಊರನ್ನು ಗಿರಿಧಾಮವನ್ನಾಗಿ ಮಾಡಿದವರು ಆಂಗ್ಲರು. 1827ರಿಂದ 1830ರವರೆಗೆ ಮುಂಬಯಿಯ ಗವರ್ನರರಾಗಿದ್ದ ಜಾನ್ ಮಾಲ್ಕಂ ಅವರು ಸಾತಾರೆಯ ಅರಸರಿಂದ ನೆಲ ಪಡೆದು ಅಲ್ಲಿ ಆರೋಗ್ಯಧಾಮ ಕಟ್ಟಿಸಿದರು. ಇಂದಿಗೂ ಅಲ್ಲಿನ ಪೇಟೆಗೆ ಅವರದೇ ಹೆಸರು. ಆರಂಭದ ದಿನಗಳಲ್ಲಿ ಅಲ್ಲಿ ಕಾಯಿಪಲ್ಲೆ ಬೆಳೆದು ದುಡಿದವರಲ್ಲಿ ದೂರದ ಚೀನ ಮೂಲದ ಕೈದಿಗಳೂ ಇದ್ದರು. ಮುಂದೆ ಬೇಸಗೆ ಬಂತೆಂದರೆ ಮುಂಬಯಿ ಪ್ರಾಂತದ ಸರಕಾರವೇ ಕಡತಗಳನ್ನು ಹೊತ್ತುಕೊಂಡು ಆ ಬೆಟ್ಟವನ್ನೇರುತ್ತಿತ್ತು. ಇದೇ ರೀತಿ 1864ರಿಂದ ಭಾರತ ಸರಕಾರವು ಬೇಸಗೆಯಲ್ಲಿ ಶಿಮ್ಲಾಕ್ಕೆ ಹೋಗತೊಡಗಿತು, ಮದ್ರಾಸಿನವರಿಗೆ ಉದಕಮಂಡಲವಿತ್ತು. ಬೆಟ್ಟದ ತಂಪಿನಲ್ಲಿ ಕುಳಿತು ಬಯಲಿನ ಕೆಲಸ ಮಾಡುವುದು ನಮ್ಮ ತರುಣರು ಕಂಡುಹಿಡಿದ ಹೊಸ ಪದ್ಧತಿಯೇನೂ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆ ಪದ್ಧತಿಯ ಫಲವೇನಾಯಿತು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದ ಬರವೆಂದು ಹಿರಿಯರು ಹೇಳುತ್ತಿದ್ದ ಆ ಮಹಾಕ್ಷಾಮವು 1878ರವರೆಗೆ ನಡೆಯಿತು. 1872ರ ಮತ್ತು 1881ರ ಜನಗಣತಿಗಳ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲು ಇಳಿದುಹೋಯಿತು. ಭಾರತ ಸರಕಾರದ ಪ್ರತಿನಿಧಿಯಾಗಿ 1877ರ ಆರಂಭದಲ್ಲಿ ಬಂದ ರಿಚರ್ಡ್ ಟೆಂಪಲ್ ಅವರು, ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಚಿಲ್ಲರೆ ಕಾಸು ಸಾಕೆಂದು ಲೆಕ್ಕ ಹಾಕಿದರು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಮದ್ರಾಸ್ ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬ ವೈದ್ಯರು, ಸೊರಗಿದ ದೇಹಗಳನ್ನು ತಮ್ಮ ಕಣ್ಣಿನಿಂದ ಕಂಡವರು, ಇದು ಸಾಲದೆಂದು ಪ್ರತಿಭಟಿಸಿದರು.

ಮಳೆ ನಿಲ್ಲಿಸಿದವರು ಬೆಟ್ಟದ ಮೇಲಿನ ಅಧಿಕಾರಿಗಳಲ್ಲ. ಅನ್ಯಾಯದ ಮಾತನ್ನು ನಾವು ಆಡಬಾರದು. ಟೆಂಪಲ್ ಅವರು ಪ್ರವಾಸ ಮಾಡದೆಯೂ ಇರಲಿಲ್ಲ. ಆದರೆ ಹಾದುಹೋಗುವುದು ಬೇರೆ, ಇರುವುದು ಬೇರೆ. ಹಾದುಹೋಗುವವನಿಗೆ ಹಸಿವು ಒಂದು ಸಂಖ್ಯೆಯಾಗಿ ಕಾಣುತ್ತದೆ. ಅಲ್ಲಿಯೇ ಇರುವವನಿಗೆ ಅದು ಒಂದು ಮುಖವಾಗಿ ಕಾಣುತ್ತದೆ. ದೂರವು ಮನುಷ್ಯನನ್ನು ಕ್ರೂರನನ್ನಾಗಿ ಮಾಡುವುದಿಲ್ಲ. ಮತ್ತೊಬ್ಬನ ಮುಖವನ್ನು ಮರೆಸುತ್ತದೆ, ಅಷ್ಟೆ. ಅಷ್ಟೇ ಸಾಕಾಗುತ್ತದೆ.

ನನ್ನ ಶಿಷ್ಯನೇನು ಗವರ್ನರನಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಅವನು ಯಾರನ್ನೂ ಆಳುತ್ತಿಲ್ಲ, ಯಾರ ಕೂಲಿಯನ್ನೂ ಕಡಿಮೆ ಮಾಡುತ್ತಿಲ್ಲ. ತನ್ನ ಬುದ್ಧಿಬಲದಿಂದ ಪ್ರಾಮಾಣಿಕವಾಗಿ ದುಡಿಯುತ್ತಿದ್ದಾನೆ. ಊರು ಬಿಟ್ಟು ಹೋದುದೂ ಒಂದು ದೋಷವಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು, ಮಂಗಳವೇಢೆಯಲ್ಲಿ ಲೆಕ್ಕದ ಕೆಲಸಕ್ಕೆ ನಿಂತರು, ಕಲ್ಯಾಣಕ್ಕೆ ನಡೆದರು. ಹುಟ್ಟಿದ ಊರಿಗೇ ಅಂಟಿಕೊಂಡಿದ್ದರೆ ಬಸವಣ್ಣನವರು ನಮಗೆ ಬಸವಣ್ಣನವರಾಗಿ ದೊರೆಯುತ್ತಿರಲಿಲ್ಲ. ಆದರೆ ಗಮನಿಸಿರಿ: ಅವರು ಹೋದೆಡೆಯಲ್ಲೆಲ್ಲ ಆ ನೆಲದವರಾದರು. ಕಲ್ಯಾಣದಲ್ಲಿ ಅವರ ಮನೆಯ ಬಾಗಿಲು ತಟ್ಟಿದವರು ಅವರಿಗೆ ಹೆಸರಿಲ್ಲದವರಾಗಿ ಉಳಿಯಲಿಲ್ಲ.

ದೂರದಿಂದ ಯಾವ ಒಳ್ಳೆಯ ಕೆಲಸವೂ ಆಗದೆಂದೂ ನಾನು ಹೇಳುವುದಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ವಚನಶಾಸ್ತ್ರಸಾರವು ಅವರು ಎಂದೂ ಕಾಣದ ಮನೆಗಳನ್ನು ತಲುಪಿತು. ಆದರೆ ಅದಕ್ಕೆ ಮೊದಲು ಅವರು ತಾಳೆಗರಿಗಾಗಿ ಮನೆಮನೆಯ ಹೊಸ್ತಿಲು ತುಳಿದಿದ್ದರು. ಫಲವು ದೂರ ಹೋಗಬಹುದು. ಬೇರು ಒಂದು ಕಡೆ ನೆಲ ಹಿಡಿದಿರಬೇಕು.

ಇನ್ನು ಈ ಪ್ರಶ್ನೆಯ ತಿರುಳಿಗೆ ಬರೋಣ. ನಮ್ಮ ಸೀಮೆಯವರು ತಲೆಮಾರುಗಳಿಂದ ಊರು ಬಿಡುತ್ತ ಬಂದಿದ್ದಾರೆ. ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಇಂದಿಗೂ ಜನ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಅವರ ಕೆಲಸವನ್ನು ದೂರದಿಂದ ಮಾಡಲು ಬರುವುದಿಲ್ಲ. ಕಬ್ಬು ಎಲ್ಲಿದೆಯೋ ಅಲ್ಲಿಯೇ ಕುಡುಗೋಲು ಇರಬೇಕು. “ಹೊಟ್ಟೆಗಾಗಿ ಊರು ಬಿಟ್ಟೆವು” ಎಂದು ಅವರು ಹೇಳಿದರೆ ಯಾರೂ ಮರುಮಾತಾಡುವಂತಿಲ್ಲ. ಇಂದಿನವರೆಗೆ ಓದಿದವರೂ ಅದೇ ಮಾತನ್ನು ಹೇಳುತ್ತಿದ್ದರು. ಆದರೆ ಯಾವನಿಗೆ ಎಲ್ಲಿಂದಲಾದರೂ ದುಡಿಯುವ ಸೌಕರ್ಯ ದೊರೆತಿದೆಯೋ ಅವನಿಗೆ ಆ ಮಾತಿನ ಆಸರೆ ತಪ್ಪಿಹೋಗಿದೆ. ಬೆಟ್ಟದಿಂದ ದುಡಿಯಬಹುದಾದರೆ ಹಳ್ಳಿಯಿಂದಲೂ ದುಡಿಯಬಹುದಲ್ಲವೇ? ಅವನಿಗೆ ದೊರೆತದ್ದು ಬಿಡುಗಡೆ. ಅದರೊಡನೆಯೇ ಬಂದದ್ದು ಹೊಣೆ. ನೆಲೆ ಇಂದು ಅವನ ಆಯ್ಕೆ. ಆಯ್ಕೆಯಾದ ಮೇಲೆ ಅದು ನೀತಿಯ ವಿಷಯ. ನಾನು ಯಾರ ನೆರೆಯವನಾಗಿ ಬಾಳಬಯಸುತ್ತೇನೆ ಎಂಬ ಪ್ರಶ್ನೆಗೆ ಅವನು ಈಗ ಉತ್ತರ ಕೊಡಲೇಬೇಕು.

ಈ ಮಾತನ್ನು ನಾನು ಎತ್ತರದ ಪೀಠದ ಮೇಲೆ ಕುಳಿತು ಹೇಳುತ್ತಿಲ್ಲ. ನೌಕರಿಯ ಮೊದಲ ಹನ್ನೊಂದು ವರ್ಷ ನಾನು ಊರಿನಿಂದ ದೂರವಿದ್ದೆ. ಸಿಂದಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿದ್ದ ನನ್ನವ್ವನಿಗೆ ಪ್ರತಿ ತಿಂಗಳೂ ಮನಿಆರ್ಡರು ಕಳುಹಿಸುತ್ತಿದ್ದೆ. ಕೂಪನ್ನಿನಲ್ಲಿ “ನಾನು ಕ್ಷೇಮ, ನಿನ್ನ ಕ್ಷೇಮ ತಿಳಿಸು” ಎಂದು ಎರಡೇ ಸಾಲು ಬರೆಯುತ್ತಿದ್ದೆ. ರಜೆಯಲ್ಲಿ ಹೋಗಬಹುದಾಗಿತ್ತು, ಎಷ್ಟೋ ರಜೆಗಳಲ್ಲಿ ಹೋಗಲಿಲ್ಲ. ಅವ್ವ ಲಿಂಗೈಕ್ಯಳಾದ ಮೇಲೆ ಊರಿನ ಟಪಾಲಿನವನು ನನಗೊಂದು ಸಂಗತಿ ಹೇಳಿದನು. ಓದು ಬಾರದ ಅವ್ವ ಕೂಪನ್ನನ್ನು ಅವನಿಂದಲೇ ಓದಿಸುತ್ತಿದ್ದಳು. ಎರಡು ಸಾಲು ಮುಗಿದೊಡನೆ “ಮುಂದ?” ಎಂದು ಕೇಳುತ್ತಿದ್ದಳು. ಅವಳ ಮುಖ ನೋಡಲಾರದೆ ಅವನು ತನ್ನ ಕಡೆಯಿಂದಲೇ ನಾಲ್ಕು ಮಾತು ಸೇರಿಸುತ್ತಿದ್ದನಂತೆ: ನಿನ್ನ ಮಗ ಜ್ವರ ಬಂದಿತ್ತು, ಆರಾಮಾಗಿದ್ದಾನೆ, ಅಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲವಂತೆ, ಹಬ್ಬಕ್ಕೆ ಬರುತ್ತಾನಂತೆ. ನನ್ನ ಹಣ ನನ್ನವ್ವನಿಗೆ ತಪ್ಪದೆ ಮುಟ್ಟಿತು. ಆದರೆ ಅವಳ ಮಗನ ಕೆಲಸವನ್ನು ಹನ್ನೊಂದು ವರ್ಷ ಮಾಡಿದವನು ಆ ಟಪಾಲಿನವನು.

ಹಾಗಾದರೆ ಎಲ್ಲರೂ ಹಳ್ಳಿಗೆ ಹಿಂದಿರುಗಬೇಕೆ? ಅಂಥ ಅಪ್ಪಣೆ ಕೊಡಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವಿದ್ಯುತ್ತು ಹೇಳಿ ಕೇಳಿ ಹೋಗುವುದಿಲ್ಲ. ಮಕ್ಕಳ ಶಾಲೆ, ಬಾಣಂತಿಯ ಆಸ್ಪತ್ರೆ, ಇವು ಸಣ್ಣ ಸಂಗತಿಗಳಲ್ಲ. ಇನ್ನೊಂದು ಮಾತು: ಹುಟ್ಟಿದ ಊರು ಎಲ್ಲರಿಗೂ ತಾಯಿಯಂತೆ ನಡೆದುಕೊಂಡಿಲ್ಲ. ಊರ ಹೊರಗೆ ನಿಲ್ಲಿಸಲ್ಪಟ್ಟವನಿಗೆ ಪಟ್ಟಣವು ಮೊದಲ ಸಲ ಒಳಗೆ ಕರೆದು ಕುರ್ಚಿ ಕೊಟ್ಟಿದೆ. ಅಂಥವನಿಗೆ ಮರಳಿ ಬಾ ಎನ್ನುವ ಮೊದಲು ಊರು ತನ್ನನ್ನು ತಿದ್ದಿಕೊಳ್ಳಬೇಕು. ಆದುದರಿಂದ ನೆಲೆಯನ್ನು ಒಬ್ಬೊಬ್ಬನೂ ತನ್ನ ಅಂತಃಕರಣವನ್ನು ಕೇಳಿಯೇ ಆರಿಸಿಕೊಳ್ಳಬೇಕಾಗುತ್ತದೆ.

ಕಾಯಕ ಮತ್ತು ದಾಸೋಹಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕವಾಗಿತ್ತು. ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಅಕ್ಕಿ ಎಲ್ಲಿಯದು, ಎಷ್ಟು ತಮ್ಮದು ಎಂಬುದು ಆ ತಾಯಿಗೆ ತಿಳಿದಿತ್ತು. ನಮ್ಮ ತರುಣನ ಹಣ ಒಂದು ಊರಿನದು, ವಾಸ ಇನ್ನೊಂದು ಊರಿನದು, ಋಣ ಮೂರನೆಯ ಊರಿನದು. ಯಾವ ಊರಿಗೆ ಎಷ್ಟು ಸಲ್ಲಬೇಕೆಂಬ ಲೆಕ್ಕ ಅವನಲ್ಲಿ ಇದೆಯೇ? ಕಾಯಕವನ್ನು ಇಂದು ತಂತಿಯ ಮೂಲಕ ಕಳುಹಿಸಬಹುದು. ದಾಸೋಹದಲ್ಲಿ ಹಣದ ಭಾಗವನ್ನೂ ಕಳುಹಿಸಬಹುದು. ಆದರೆ ಪ್ರಸಾದ ನಿಲಯದಲ್ಲಿ ಸರದಿಯ ಮೇಲೆ ನೀರು ತಂದವರು, ಪಂಕ್ತಿಯಲ್ಲಿ ಬಡಿಸಿದವರು, ಜ್ವರ ಬಂದ ಗೆಳೆಯನ ಹಾಸಿಗೆಯ ಬಳಿ ಕುಳಿತವರು ನೀವು. ದಾಸೋಹದ ಉಳಿದ ಭಾಗಕ್ಕೆ ಕೈ ಬೇಕೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಆ ಕೈ ಬೆಟ್ಟದ ಮೇಲೂ ಬೇಕು. ಮಹಾಬಳೇಶ್ವರವು ಮೋಡಗಳ ಊರು ಮಾತ್ರವಲ್ಲ. ಅಲ್ಲಿ ಸ್ಟ್ರಾಬೆರಿ ಬೆಳೆಯುವ ರೈತರಿದ್ದಾರೆ, ಹೋಟೆಲಿನ ತಟ್ಟೆ ತೊಳೆಯುವವರಿದ್ದಾರೆ. 1842ರಲ್ಲಿ ಸಾತಾರೆಯ ಅರಸರು ಕಟ್ಟಿಸಿದ ವೇಣ್ಣಾ ಕೆರೆಯ ನೀರನ್ನು ಕುಡಿಯುವವರಿದ್ದಾರೆ. ಆ ಬೆಟ್ಟದ ಕಾಡುನೆಲ ಎಷ್ಟು ಸೂಕ್ಷ್ಮವೆಂದರೆ 2001ರಲ್ಲಿ ಸರಕಾರವು ಅದಕ್ಕೆ ವಿಶೇಷ ರಕ್ಷಣೆಯನ್ನು ಘೋಷಿಸಬೇಕಾಯಿತು. ಹೊರಗಿನ ಸಂಬಳದವರು ಬಂದು ನೆಲೆಸಿದಷ್ಟೂ ಬಾಡಿಗೆ ಏರುತ್ತದೆ, ನೀರಿನ ಮೇಲೆ ಭಾರ ಬೀಳುತ್ತದೆ. ಆ ಊರಿನ ತಂಪನ್ನು ಉಂಡವನು ಆ ಊರಿನ ಕಷ್ಟಕ್ಕೆ ಹೆಗಲು ಕೊಡದಿದ್ದರೆ ಅವನಿಗೂ ಬೇಸಗೆ ಕಳೆಯಲು ಬರುತ್ತಿದ್ದ ಸಾಹೇಬರಿಗೂ ವ್ಯತ್ಯಾಸವೇನು ಉಳಿಯಿತು?

ಹದಿನೈದು ದಿನಗಳ ಹಿಂದೆ ನಾನು ಆ ತರುಣನಿಗೆ ಪತ್ರ ಬರೆದೆ. “ತಮ್ಮಾ, ನೀನು ತಪ್ಪು ಮಾಡಿದ್ದೀಯೋ ಇಲ್ಲವೋ ನಾನು ಹೇಳಲಾರೆ. ಮೊದಲು ಪಕ್ಕದ ಮನೆಯವರ ಹೆಸರು ಕೇಳಿಕೋ. ಅದನ್ನು ನಿನ್ನವ್ವನಿಗೆ ತಿಳಿಸು. ಲಿಂಬೆಯ ಕಾಯಿ ಇಳಿಸುವ ದಿನಗಳಲ್ಲಿ ನಿನ್ನ ಯಂತ್ರವನ್ನು ಹೊತ್ತುಕೊಂಡು ಊರಿಗೆ ಬಾ. ಹಗಲು ನಿನ್ನ ಸಂಸ್ಥೆಯ ಕೆಲಸ ಮಾಡು. ಸಂಜೆ ಅವಳ ಜೊತೆ ಕಟ್ಟೆಯ ಮೇಲೆ ಕೂಡು. ಒಂದು ತಿಂಗಳು ಹೀಗಿದ್ದು ನೋಡು, ಆಮೇಲೆ ಬೆಟ್ಟವೋ ಬಯಲೋ ನೀನೇ ತೀರ್ಮಾನಿಸು” ಎಂದು ಬರೆದಿದ್ದೇನೆ. ಅವನಿಂದ ಇನ್ನೂ ಉತ್ತರ ಬಂದಿಲ್ಲ. ಪತ್ರದಲ್ಲಿ ಉತ್ತರ ಬರಲೆಂದು ನಾನು ಕಾಯುತ್ತಲೂ ಇಲ್ಲ.

ವಾಚಕರೇ, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಕುಳಿತು ಈ ಪತ್ರಿಕೆಯನ್ನು ಓದುವವರೇ, ನಿಮ್ಮಲ್ಲಿ ಎಷ್ಟು ಜನಕ್ಕೆ ಇಂಥ ಬಿಡುಗಡೆ ದೊರೆತಿದೆಯೋ ತಿಳಿಯದು. ದೊರೆತವರು ಆ ತಾಯಿ ಕೇಳಿದ ಪ್ರಶ್ನೆಯನ್ನು ಇಂದು ರಾತ್ರಿ ಒಮ್ಮೆ ತಮಗೆ ತಾವೇ ಕೇಳಿಕೊಳ್ಳಲಿ. ನಿಮ್ಮ ಮಗ್ಗುಲ ಮನೆಯಲ್ಲಿ ಯಾರಿದ್ದಾರೆ? ನಿಮ್ಮ ತಾಯಿಯ ಮಗ್ಗುಲಲ್ಲಿ ಯಾರಿದ್ದಾರೆ? ಈ ಎರಡಕ್ಕೂ ಹೆಸರು ಹಿಡಿದು ಉತ್ತರ ಹೇಳಬಲ್ಲವರು ಯಾವ ಬೆಟ್ಟದ ಮೇಲಿದ್ದರೂ ದೂರವಿಲ್ಲ.

ಶರಣು ಶರಣಾರ್ಥಿ.