ನಾಲಗೆಯ ಮೈಲಿಗೆ

ಲಿಂಗವಂತನಿಗೆ ಪಂಚಸೂತಕಗಳಿಲ್ಲವೆಂದು ಶರಣರು ಸಾರಿದರು. ಜನನ, ಮರಣ, ರಜಸ್ಸು, ಉಚ್ಛಿಷ್ಟಗಳೊಡನೆ ಜಾತಿಸೂತಕವೂ ಅವನನ್ನು ಮುಟ್ಟದು. ಆದರೆ ಆ ಸೂತಕವನ್ನು ಮನೆಯಿಂದ ಹೊರಹಾಕಿದವನೇ ಅದನ್ನು ನಾಲಗೆಯ ಮೇಲೆ ಇರಿಸಿಕೊಂಡರೆ, ಆ ಮೈಲಿಗೆಯನ್ನು ಯಾವ ಪಾದೋದಕ ತೊಳೆದೀತು?

ರಬಕವಿ-ಬನಹಟ್ಟಿಯ ಕಟ್ಟೆಯಲ್ಲಾಗಲಿ, ಜಮಖಂಡಿಯ ಸಂತೆಯಲ್ಲಾಗಲಿ, ಮುಧೋಳ ಬೀಳಗಿಗಳ ಚಹದಂಗಡಿಗಳಲ್ಲಾಗಲಿ, ಲೋಕವಾರ್ತೆಯ ಚರ್ಚೆ ನಡೆದಾಗ ಯಾರಾದರೊಬ್ಬರ ಬಾಯಿಂದ ಇಂಥ ಮಾತು ಬರುವುದುಂಟು: ಯೆಹೂದ್ಯರೆಂದರೆ ಹಣದಾಸೆಯವರು, ಲೋಕವನ್ನೆಲ್ಲ ಗುಟ್ಟಾಗಿ ಆಡಿಸುವವರು, ನಮಗೂ ಒಬ್ಬ ಹಿಟ್ಲರನಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತು. ಆಡಿದವನು ಯೆಹೂದ್ಯನೊಬ್ಬನನ್ನು ಕಂಡವನಲ್ಲ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ.

ಜರ್ಮನಿಯಲ್ಲಿಯೂ ಮೊದಲು ಇದ್ದುದು ಮಾತೇ. 1933ರಲ್ಲಿ ಅವರ ಅಂಗಡಿಗಳಿಗೆ ಬಹಿಷ್ಕಾರ ಬಂದಿತು. 1935ರಲ್ಲಿ ಕಾಯದೆಯಿಂದಲೇ ಅವರ ಪೌರತ್ವ ಹೋಯಿತು. 1945ರ ಹೊತ್ತಿಗೆ ಸುಮಾರು 60 ಲಕ್ಷ ಯೆಹೂದ್ಯರು, ಹಸುಗೂಸುಗಳೂ ಸಹಿತ, ಕೊಲೆಗೀಡಾದರು. ನಗೆಮಾತಿಗೆ ಬಳಸುವ ಆ ಹೆಸರಿನ ಹಿಂದೆ ಇರುವುದು ಈ ಬೂದಿ.

ಆ ಜನ ನಮಗೆ ದೂರದವರೂ ಅಲ್ಲ. ಕೊಂಕಣ ತೀರದ ಬೆನೆ ಇಸ್ರೇಲರು ತಲೆತಲಾಂತರದಿಂದ ಗಾಣದ ಕಾಯಕದಿಂದ ಬದುಕಿದವರು. ಶನಿವಾರ ಗಾಣ ಹೂಡದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಗಾಣದ ಕಣ್ಣಪ್ಪನನ್ನು ಶರಣನೆಂದು ವಂದಿಸುವವರು ಆ ಗಾಣಿಗರನ್ನು ಹೀಗಳೆಯಬಹುದೆ?

ಇನ್ನು ಪ್ಲೇಗು ಬಂದ ಕಾಲವನ್ನು ನೆನೆಯಬೇಕು. ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದ್ಯ ವಿಜ್ಞಾನಿ ಹಾಫ್‌ಕಿನ್, ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಗೊಳಿಸಿ 1897ರ ಜನವರಿಯಲ್ಲಿ ಮೊದಲು ತನ್ನ ದೇಹಕ್ಕೇ ಚುಚ್ಚಿಸಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಅದನ್ನು ಹಾಕಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿದಾಗ ದೋಷವೆಲ್ಲ ಅವನ ಪ್ರಯೋಗಶಾಲೆಯ ತಲೆಗೆ ಬಂದಿತು. ಅವನು ಅಧಿಕಾರದಿಂದ ದೂರವಾದನು. ಅವನ ಹುಟ್ಟೂ ಆ ಸಂಶಯಕ್ಕೆ ಇಂಬುಕೊಟ್ಟಿತೆಂದು ಅನೇಕರು ಬಗೆದಿದ್ದಾರೆ. ನಿರ್ದೋಷಿಯೆಂದು ತೀರ್ಮಾನವಾದುದು 1907ರಲ್ಲಿ. ಅಪವಾದ ಹೊರಿಸಲು ಒಂದು ಗಳಿಗೆ ಸಾಕು. ಅದನ್ನು ಇಳಿಸಲು ವರ್ಷಗಳೇ ಬೇಕಾದವು.

ಬಸವಣ್ಣನವರು ಶುದ್ಧಿಯ ನಿಯಮಗಳನ್ನು ಹೇಳುವಾಗ ಕೊಲೆ ಕಳವುಗಳ ಸಾಲಿನಲ್ಲಿಯೇ ಪರರ ಕುರಿತ ಹೇಸಿಕೆಯನ್ನೂ ನಿಂದೆಯನ್ನೂ ಇರಿಸಿದರು. ಅವರ ದೃಷ್ಟಿಯಲ್ಲಿ ಅದು ಚಿಕ್ಕ ತಪ್ಪಲ್ಲ. ಒಂದು ಸರಕಾರದ ಕೃತ್ಯ ಅನ್ಯಾಯವೆನಿಸಿದರೆ ಅದನ್ನು ಖಂಡಿಸಬಹುದು, ಅದು ವಿವೇಕ. ಆ ನೆವದಿಂದ ಕುಲಕ್ಕೆ ಕುಲವನ್ನೇ ದೂಷಿಸುವುದು ಪರನಿಂದೆ.

ಹಾಗಾದರೆ ಅಂಥ ಮಾತು ಕೇಳಿದಾಗ ಸದ್ಭಕ್ತನು ಮಾಡತಕ್ಕುದೇನು? ಜಗಳ ಬೇಡ, ಆಡಿದವರ ಮಾನಭಂಗವೂ ಬೇಡ. ‘ಯಜಮಾನರೆ, ತಾವು ಕಂಡ ಯೆಹೂದ್ಯರು ಯಾರು? ಅವರಿಂದ ತಮಗಾದ ಕೇಡೇನು?’ ಎಂದು ವಿನಯದಿಂದ ಕೇಳಿದರೆ ಸಾಕು. ಉತ್ತರ ಹುಡುಕುವವನಿಗೆ ತನ್ನ ಮಾತಿನ ಟೊಳ್ಳು ತಾನೇ ತಿಳಿಯುವುದು. ಕೇಳುವ ಧೈರ್ಯವಿಲ್ಲದವನು ನಗದೆಯಾದರೂ ಇರಲಿ. ಇಲ್ಲಿ ಆ ಜನವೇ ಇಲ್ಲ, ನಮಗೇತಕ್ಕೆಂಬ ಆಕ್ಷೇಪಕ್ಕೆ ಇಷ್ಟೇ ಸಮಾಧಾನ: ಕಾಣದವರನ್ನು ಜರೆದು ರೂಢಿಯಾದ ನಾಲಗೆ ನಾಳೆ ಪಕ್ಕದ ಓಣಿಯವರನ್ನೂ ಬಿಡದು.

ಹಾಸಿನಲ್ಲಿ ಒಂದೆಳೆ ಹರಿದಾಗ ನೇಕಾರನು ಮಗ್ಗ ನಿಲ್ಲಿಸಿ ಅಲ್ಲಿಯೇ ಗಂಟಿಕ್ಕುತ್ತಾನೆ. ಬಿಟ್ಟರೆ ಬಟ್ಟೆಯುದ್ದಕ್ಕೂ ಗೆರೆ ಉಳಿಯುವುದೆಂದು ಅವನು ಬಲ್ಲನು. ಮಾತಿನ ನೇಯ್ಗೆಯಲ್ಲಿಯೂ ಶರಣಬಂಧುಗಳು ಅಷ್ಟು ಎಚ್ಚರ ತೋರಲಿ.