ಬಟ್ಟೆಗೆ ಬಾಯಿ ಬಂದರೆ

ಬಟ್ಟೆಯ ಧರ್ಮ ಮುಚ್ಚುವುದು. ಚಳಿ ಬಿಸಿಲುಗಳಿಂದ ಮೈಯನ್ನು ಕಾಯುವಂತೆ, ಪರರ ಕಣ್ಣಿನಿಂದ ಮಾನವನ್ನೂ ಅದು ಕಾಯುತ್ತದೆ. ಈಗ ಬಂದಿರುವ ಒಂದು ಬಗೆಯ ಉಡುಪಾದರೋ ಮುಚ್ಚಿದ್ದನ್ನೇ ಹೊರಗೆ ಹೇಳಬಲ್ಲದು. ಬೆಳ್ಳಿಯ ಲೇಪವಿರುವ ಎಳೆಯಲ್ಲಿ ವಿದ್ಯುತ್ತು ಹರಿಯುತ್ತದೆ. ಅಂಥ ಎಳೆಗಳನ್ನು ನೂಲಿನೊಡನೆ ನೇಯ್ದ ಅಂಗಿ ಎದೆಯ ಬಡಿತವನ್ನು ಗ್ರಹಿಸಿ, ಸಣ್ಣದೊಂದು ಯಂತ್ರದ ಮೂಲಕ ಫೋನಿಗೆ, ಅಲ್ಲಿಂದ ಯಾವ ದೂರದೂರಿಗಾದರೂ ಸುದ್ದಿ ಮುಟ್ಟಿಸುತ್ತದೆ.

ಇದರ ಹುಟ್ಟಿನಲ್ಲಿ ಕರುಣೆಯಿದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಸುಂದರೇಶನ್ ಜಯರಾಮನ್ ಮತ್ತು ಸಂಗಡಿಗರು 1996ರಲ್ಲಿ, ಅಲ್ಲಿನ ನೌಕಾಪಡೆಯ ನೆರವಿನಿಂದ, ಸೈನಿಕರಿಗಾಗಿ ಇಂಥ ಅಂಗಿಯ ಕೆಲಸ ತೊಡಗಿದರು. ಬೆಳಕು ಹಾಯುವ ಎಳೆಗಳನ್ನು ಅದರಲ್ಲಿ ನೇಯ್ದಿದ್ದರು. ಗುಂಡು ತಾಗಿದಲ್ಲಿ ಎಳೆ ಕಡಿಯುತ್ತದೆ. ಕಡಿದ ಜಾಗದಿಂದ ಗಾಯದ ಜಾಗ ತಿಳಿಯುತ್ತದೆ. ಮೂರ್ಛೆ ಹೋದವನ ಪರವಾಗಿ ಅಂಗಿ ಮಾತನಾಡಿದರೆ ಬೇಡವೆನ್ನುವವರು ಯಾರು?

ಆದರೆ ರಣರಂಗ ಬೇರೆ, ಮನೆ ಬೇರೆ. ಮುರಗೋಡದಲ್ಲಿ ನನ್ನ ತಾಯಿ ಒಬ್ಬಳೇ ಇದ್ದಾಳೆ. ‘ಹೆಂಗದೀ ಯವ್ವಾ?’ ಎಂದು ಫೋನಿನಲ್ಲಿ ಕೇಳಿದರೆ, ‘ಆರಾಮ ಅದೀನೋ ಯಪ್ಪಾ’ ಎಂಬ ಒಂದೇ ಉತ್ತರ. ನೋವೆಲ್ಲ ಸೆರಗಿನ ಮರೆಯಲ್ಲೇ ಉಳಿಯುತ್ತದೆ. ಆ ಸುಳ್ಳಿನಲ್ಲಿ ಮಗನ ನಿದ್ದೆ ಕೆಡಬಾರದೆಂಬ ಮಮತೆಯಿದೆ. ತನ್ನ ಮೈಗೆ ತಾನೇ ಒಡತಿ ಎಂಬ ಅಭಿಮಾನವೂ ಇದೆ. ಆಕೆಯ ಕುಪ್ಪಸವೇ ನನಗೆ ನಿಜ ಹೇಳಿದರೆ ಜೀವ ಉಳಿದೀತು. ಆ ಅಭಿಮಾನ ಉಳಿದೀತೆ?

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಸರಕಾರದ ಮುಂದೆ ಪ್ರಜೆಗೆ ಆ ಹಕ್ಕು ಆಸರೆಯಾದೀತು. ತಾಯಿ-ಮಕ್ಕಳ ನಡುವೆ ನ್ಯಾಯಾಲಯ ಬಂದು ಕೂಡುವುದಿಲ್ಲ. ಅಲ್ಲಿ ಮಗನೇ ತನ್ನ ಪ್ರೀತಿಗೆ ಎಲ್ಲೆ ಹಾಕಿಕೊಳ್ಳಬೇಕು.

ನನಗೆ ತೋರುವ ಎಲ್ಲೆ ಇಷ್ಟು: ಮಾತನಾಡಲಾರದವರ ಪರವಾಗಿ ಬಟ್ಟೆ ಮಾತನಾಡಲಿ, ಮಾತನಾಡಬಲ್ಲವರ ಅಪ್ಪಣೆಯನ್ನು ಮೊದಲು ಕೇಳಲಿ. ಯಾರಿಗೆ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಉಟ್ಟವರ ಕೈಯಲ್ಲಿರಲಿ, ಸೆರಗು ಎಳೆದುಕೊಂಡಷ್ಟು ಸುಲಭವಾಗಿ.

ತಾಯಿ ಬೇಡವೆಂದರೆ? ಒಂದು ರಾತ್ರಿ ಸುದ್ದಿ ತಡವಾಗಿ ಬಂದೀತೆಂಬ ಭಯವನ್ನು ನಾನು ಹೊರಬೇಕಾಗುತ್ತದೆ. ಆ ಭಯವನ್ನು ಆಕೆಯ ಮೈಮೇಲೆ ಹೊದಿಸಿ ನಾನು ನಿಶ್ಚಿಂತನಾಗಲಾರೆ. ಅದೇ ಭಯ ನನ್ನನ್ನು ತಿಂಗಳಿಗೊಮ್ಮೆ ಮುರಗೋಡದ ಬಸ್ಸು ಹತ್ತಿಸಲಿ.