ಹೆಸರು ಮುಚ್ಚಿದರೆ ಸಾಕಾ?

ಕಥಾಸ್ಪರ್ಧೆಗಳ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾಗೋದು ಒಂದು: ಕಥೆಯ ಹಾಳೆಗಳ ಮೇಲೆ ಹೆಸರು, ವಿಳಾಸ ಇರಬಾರದು, ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಎಷ್ಟು ಚೆಂದ ನೋಡಿ! ಬರೆದವರು ಯಾವ ಜಾತಿ, ಯಾರ ಶಿಷ್ಯರು, ಗಂಡೋ ಹೆಣ್ಣೋ, ಏನೂ ಗೊತ್ತಾಗಲ್ಲ. ಬರಹವಷ್ಟೇ ಮಾತಾಡಬೇಕು.

ಆದರೆ ಬರಹಕ್ಕೂ ಒಂದು ಊರು ಇರುತ್ತಲ್ಲ?

ಕಳೆದ ವರ್ಷ ಒಂದು ಸ್ಪರ್ಧೆಯ ಮೊದಲ ಸುತ್ತಿಗೆ ಕಥೆ ಓದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. 40 ಕಥೆ, 2 ವಾರ, ಆಫೀಸು ಮುಗಿಸಿ ರಾತ್ರಿ ಓದೋದು. ಅದರಲ್ಲೊಂದು ಪೂರ್ತಿ ಕಲಬುರಗಿ ಕಡೆಯ ಮಾತಲ್ಲಿತ್ತು. ನಾನು ಶಿವಮೊಗ್ಗದವನು. ಮೊದಲ ಪುಟ ದಾಟೋಕೇ 10 ನಿಮಿಷ ಬೇಕಾಯ್ತು. ಅದರ ಕೆಳಗಿದ್ದ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಥೆ ಸರಾಗವಾಗಿ ಓದಿಸಿಕೊಂಡು ಹೋಯ್ತು. ಇಬ್ಬರ ಹೆಸರೂ ಗೊತ್ತಿಲ್ಲ. ಆದರೂ ಒಬ್ಬರು ನೆಂಟರ ಹಾಗೆ, ಇನ್ನೊಬ್ಬರು ಹೊರಗಿನವರ ಹಾಗೆ ಕಂಡರು. ಕೊನೆಗೆ ಕಲಬುರಗಿಯ ಕಥೆಯನ್ನು ಜೋರಾಗಿ ಓದಿಕೊಂಡೆ. ಕಿವಿಗೆ ಬಿದ್ದ ಮೇಲೆ ಹಾದಿ ಸಿಕ್ತು. ಎರಡನ್ನೂ ಮುಂದಿನ ಸುತ್ತಿಗೆ ಕಳಿಸಿದೆ.

ನಮ್ಮ ಕೆಲಸದ ಜಾಗಗಳಲ್ಲೂ ಇದೇ ಅಲ್ವಾ? ರೆಸ್ಯೂಮೆಯಲ್ಲಿ ಹೆಸರು ಮುಚ್ಚಿ ಆರಿಸಿದರೂ, ಇಂಟರ್‌ವ್ಯೂನಲ್ಲಿ ಉಚ್ಚಾರಣೆ ಕೇಳಿದ ಕೂಡಲೇ 'ಕಮ್ಯುನಿಕೇಶನ್ ಸಾಲದು' ಅಂತ ಬರೆದುಬಿಡಬಹುದು.

ಕೇಂದ್ರ ಸಾಹಿತ್ಯ ಅಕಾಡೆಮಿ 24 ಭಾಷೆಗಳಿಗೆ ಬೇರೆ ಬೇರೆ ಪ್ರಶಸ್ತಿ ಕೊಡುತ್ತೆ. ಹಾಗಾಗಿ ತಮಿಳು ಕವಿತೆಯನ್ನು ಕನ್ನಡದ ಕಥೆಯ ಪಕ್ಕ ಇಟ್ಟು ತೂಗುವ ಪ್ರಮೇಯವೇ ಬರಲ್ಲ. ಆದರೆ ಕನ್ನಡದೊಳಗೇ ಎಷ್ಟು ಕನ್ನಡಗಳಿವೆ! ನಂಜನಗೂಡು ಸೀಮೆಯ ಆಡುಮಾತಿನಲ್ಲಿರುವ ದೇವನೂರ ಮಹಾದೇವ ಅವರ 'ಕುಸುಮಬಾಲೆ'ಗೆ 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ನಾನೂ ತಡೆದು ತಡೆದೇ ಓದಿದ್ದು. ಓದುವವರು ಮೊದಲ ಪುಟಕ್ಕೇ ಕೈಬಿಟ್ಟಿದ್ದರೆ?

ಹಾಗಂತ ದೂರದ ಊರಿನ ಕಥೆಗೆ ಎರಡು ಅಂಕ ಜಾಸ್ತಿ ಕೊಡಿ ಅಂದರೆ ನಾನು ಒಪ್ಪಲ್ಲ. ಅದು ಕನಿಕರ, ಬರೆದವರಿಗೆ ಅವಮಾನ. ಅವರಿಗೆ ಸಲ್ಲಬೇಕಾದ್ದು ನಮ್ಮ ಸಮಯ. ಕಥೆಯೇ ತೊಡಕಾಗಿದೆಯಾ, ಇಲ್ಲಾ ನನಗೆ ಅಭ್ಯಾಸವಿಲ್ಲವಾ? ಇದು ಸ್ಪಷ್ಟವಾಗೋ ತನಕ ಅಂಕ ಹಾಕಬಾರದು.

'ನಿಮ್ಮೂರ ಮಾತಲ್ಲೇ ಬರೀರಿ' ಅಂತ ಹೊಸಬರಿಗೆ ಹೇಳೋದು ಸುಲಭ. ಓದುವವರು ಅವಸರ ಮಾಡಿದರೆ ನಷ್ಟ ಅನುಭವಿಸೋರು ಮಾತ್ರ ಅವರೇ. ಆ ಸಲಹೆ ಕೊಡೋ ನಾವು ಮೊದಲು ನಿಧಾನವಾಗಿ ಓದೋಕೆ ತಯಾರಿರಬೇಕು.